ಹಳ್ಳಿಯ ಬಂಗಲೆಯಿಂದ ಹೃದಯ ಕಸಿಗೆ: ಪ್ಯಾಪ್‌ವರ್ತ್ ಹಾಲ್ ಆಸ್ಪತ್ರೆಯಾದ ಬಗೆ

2019ರ ಮೇ ಹೊತ್ತಿಗೆ ಇಂಗ್ಲೆಂಡಿನ ಹೆಸರಾಂತ ಹೃದಯಾಸ್ಪತ್ರೆಯೊಂದು ತಾನು ಹುಟ್ಟಿದ ಹಳ್ಳಿಯನ್ನು ಬಿಟ್ಟು ಪೇಟೆ ಸೇರಿತು. ಪ್ಯಾಪ್‌ವರ್ತ್ ಎವರಾರ್ಡ್ ಎಂಬ ಆ ಹಳ್ಳಿ ಕೇಂಬ್ರಿಡ್ಜ್ ನಗರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಬ್ರಿಟನ್ನಿನಲ್ಲಿ ಹೃದಯ ಕಸಿ ಮೊದಲ ಬಾರಿಗೆ ನಿಜಕ್ಕೂ ಫಲ ಕೊಟ್ಟದ್ದು 1979ರಲ್ಲಿ, ಇದೇ ಊರಿನಲ್ಲಿ. ಮರುವರ್ಷ ಹೃದಯ ಕಸಿ ಕೈಗೆತ್ತಿಕೊಂಡ ಇನ್ನೊಂದು ಆಸ್ಪತ್ರೆ ಹೇರ್‌ಫೀಲ್ಡ್. ಅದೂ ಲಂಡನ್ನಿನ ಅಂಚಿನ ಹಳ್ಳಿಯೇ.

ಇಷ್ಟು ನಾಜೂಕಿನ ಶಸ್ತ್ರಚಿಕಿತ್ಸೆಗೆ ರಾಜಧಾನಿಯ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಹಳ್ಳಿಗಳೇ ಯಾಕೆ ಬೇಕಾದವು? ಎರಡೂ ಆಸ್ಪತ್ರೆಗಳು ಮೊದಲು ಶ್ರೀಮಂತರ ಹಳ್ಳಿ ಬಂಗಲೆಗಳಾಗಿದ್ದವು, ನಡುವೆ ಕ್ಷಯರೋಗಿಗಳ ತಾಣಗಳಾದವು. ಬಂಗಲೆಯಿಂದ ಕ್ಷಯಕ್ಕೆ, ಕ್ಷಯದಿಂದ ಹೃದಯಕ್ಕೆ ಬಂದ ಈ ದಾರಿಯನ್ನು ಪ್ಯಾಪ್‌ವರ್ತ್ ಹಿಡಿದೇ ನೋಡಬಹುದು.

‘ಹಾಲ್’ ಅಂದರೆ ಎಂಥ ಮನೆ

ಕರಾವಳಿಯ ಗುತ್ತಿನ ಮನೆ, ಧಾರವಾಡ-ಬೆಳಗಾವಿ ಸೀಮೆಯ ದೇಸಾಯರ ವಾಡೆ ನೋಡಿದವರಿಗೆ ಅರ್ಧ ವಿವರಣೆ ಸಾಕು. ಊರಿನ ಜಮೀನೆಲ್ಲ ಒಂದು ಮನೆತನದ ಕೈಯಲ್ಲಿ, ಉಳುವವರೆಲ್ಲ ಗೇಣಿದಾರರು, ನಡುವೆ ಒಡೆಯನ ದೊಡ್ಡ ಮನೆ. ಇಂಗ್ಲೆಂಡಿನಲ್ಲಿ ಇಂಥ ಹಿಡುವಳಿಗೆ ಮ್ಯಾನರ್ ಎಂದೂ ಒಡೆಯನ ಮನೆಗೆ ಮ್ಯಾನರ್ ಹೌಸ್, ಹಾಲ್, ಪಾರ್ಕ್ ಎಂದೆಲ್ಲ ಹೆಸರುಂಟು. ಗುತ್ತಿನ ಮನೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಗುತ್ತಿನ ಮನೆಯ ಸುತ್ತ ಗದ್ದೆ, ತೋಟ, ದೈವದ ಸ್ಥಾನ ಇರುತ್ತವೆ. ಇಂಗ್ಲಿಷ್ ಹಾಲ್‌ನ ಸುತ್ತ ಎಕರೆಗಟ್ಟಲೆ ಹುಲ್ಲುಹಾಸು, ಬೇಕೆಂದೇ ನೆಟ್ಟ ಮರಗಳು. ಬೆಳೆಯದ, ಬರೀ ನೋಟಕ್ಕಿರುವ ಈ ಬಯಲೇ ಮುಂದೆ ಆಸ್ಪತ್ರೆಯ ಬಂಡವಾಳವಾಯಿತು.

ಪ್ಯಾಪ್‌ವರ್ತ್ ಹಾಲ್ 19ನೇ ಶತಮಾನದ ಆರಂಭದ್ದು. ಚಾರ್ಲ್ಸ್ ಮ್ಯಾಡ್ರಿಲ್ ಚಿಯರ್ ಎಂಬ ಜಮೀನ್ದಾರನಿಗಾಗಿ ಜಾರ್ಜ್ ಬೈಫೀಲ್ಡ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಆ ಶತಮಾನದ ಕೊನೆಗೆ ಅದು ಅರ್ನೆಸ್ಟ್ ಟೆರಾ ಹೂಲಿ ಎಂಬ ಷೇರು ಕುಳದ ಕೈಗೆ ಬಂತು. ಈತ 1896ರಲ್ಲಿ ಡನ್ಲಪ್ ಟೈರ್ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, ಜನರಿಗೆ 50 ಲಕ್ಷಕ್ಕೆ ಮಾರಿದವ. ಎರಡೇ ವರ್ಷದಲ್ಲಿ, 1898ರಲ್ಲಿ, ದಿವಾಳಿಯೆದ್ದ.

ಬಂಗಲೆಗಳು ಬೇಡವಾದದ್ದು

ಹೂಲಿಯದು ಅವನೇ ಮಾಡಿಕೊಂಡ ದಿವಾಳಿ. ಆದರೆ ಆ ಕಾಲದಲ್ಲಿ ಸಾಲು ಸಾಲು ಜಮೀನ್ದಾರರಿಗೆ ಮನೆ ನಡೆಸುವುದೇ ಕಷ್ಟವಾಗಿತ್ತು. 1870ರ ದಶಕದಿಂದ ಅಮೆರಿಕದ ಗೋಧಿ ಹಡಗುಗಳಲ್ಲಿ ಅಗ್ಗವಾಗಿ ಬಂದಿಳಿಯತೊಡಗಿತು. ಇಂಗ್ಲಿಷ್ ಗೋಧಿಯ ಬೆಲೆ ಬಿತ್ತು, ಜೊತೆಗೆ ಗೇಣಿಯೂ ಇಳಿಯಿತು. 1894ರಲ್ಲಿ ಸರ್ಕಾರ, ಯಜಮಾನ ತೀರಿಕೊಂಡಾಗ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆಯನ್ನು ಬಿಗಿ ಮಾಡಿತು. 1919ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳಿಗೆ ಈ ತೆರಿಗೆ ನೂರಕ್ಕೆ 40ಕ್ಕೆ ಏರಿತ್ತು. ಮೊದಲ ಮಹಾಯುದ್ಧದಲ್ಲಿ ತಂದೆಯೂ ಮಗನೂ ಬೆನ್ನುಬೆನ್ನಿಗೆ ಸತ್ತ ಮನೆಗಳಿಗೆ ಎರಡೆರಡು ಏಟು. ಅಡುಗೆಯವರು, ಮಾಲಿಗಳು ಸೈನ್ಯಕ್ಕೋ ಕಾರ್ಖಾನೆಗೋ ಹೋದವರು ಹಿಂದಿರುಗಲಿಲ್ಲ.

ಅದೇ ಯುದ್ಧ ಬಂಗಲೆಗಳಿಗೆ ಬೇರೊಂದು ಬಳಕೆಯನ್ನೂ ತೋರಿಸಿತು. ಹೇರ್‌ಫೀಲ್ಡ್ ಪಾರ್ಕ್‌ನ ಒಡೆಯ ಆಸ್ಟ್ರೇಲಿಯಾ ಮೂಲದವನು. ತನ್ನ ಮನೆಯನ್ನು ಗಾಯಗೊಂಡ ಆಸ್ಟ್ರೇಲಿಯನ್ ಸೈನಿಕರಿಗೆ ಬಿಟ್ಟುಕೊಟ್ಟ. 1915ರಲ್ಲಿ ತೆರೆಯುವಾಗ ಚಳಿಗಾಲಕ್ಕೆ 60, ಬೇಸಿಗೆಗೆ 150 ಮಂದಿಗೆ ಜಾಗ ಎಂದು ಲೆಕ್ಕ ಹಾಕಿದ್ದರು. ಮರುವರ್ಷ ಹಾಸಿಗೆಗಳು ಸಾವಿರ ದಾಟಿದವು. ಅಷ್ಟು ಜನ ಬಂಗಲೆಯೊಳಗೆ ಹಿಡಿಸಲಿಲ್ಲ, ಹುಲ್ಲುಹಾಸಿನ ಮೇಲೆ ಎದ್ದ ಶೆಡ್ಡುಗಳಲ್ಲಿ ಹಿಡಿಸಿದರು. ‘ಬಂಗಲೆ ಆಸ್ಪತ್ರೆ’ ಎಂಬ ಮಾತಿನಲ್ಲಿ ನಮ್ಮ ಕಣ್ಣು ಬಂಗಲೆಯ ಮೇಲೇ ಬೀಳುತ್ತದೆ. ರೋಗಿಗಳ ಹೊರೆ ಹೊತ್ತದ್ದು ಮಾತ್ರ ಸುತ್ತಲಿನ ಬಯಲು.

ಔಷಧವೇ ಇಲ್ಲದ ಕಾಯಿಲೆ

ಆಯುರ್ವೇದ ಕ್ಷಯವನ್ನು ರಾಜಯಕ್ಷ್ಮ ಎಂದಿತು. ದಕ್ಷನ ಶಾಪದಿಂದ ದಿನದಿನಕ್ಕೆ ಸವೆದ ಚಂದ್ರನಿಗೆ ಬಂದ ರೋಗ ಎಂಬ ಕತೆಯೂ ಇದೆ. ‘ಕ್ಷಯ’ ಎಂಬ ಮಾತಿನ ಅರ್ಥವೇ ಸವೆತ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಅದರ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟ. ಶ್ವಾಸಕೋಶದಲ್ಲಿ ಅದು ಗಂಟು ಕಟ್ಟುತ್ತದೆ. ಗಂಟಿನ ನಡುಭಾಗ ಗಿಣ್ಣಿನಂತೆ ಮೆತ್ತಗಾಗಿ, ಕೆಮ್ಮಿನೊಡನೆ ಹೊರಬಿದ್ದು, ಹಿಂದೆ ಗುಳಿ ಉಳಿಯುತ್ತದೆ. ಗುಳಿಯ ಗೋಡೆಯಲ್ಲಿರುವ ರಕ್ತನಾಳ ಒಡೆದರೆ ರೋಗಿ ರಕ್ತ ಕೆಮ್ಮುತ್ತಾನೆ. ಕೆಮ್ಮಿದಾಗ ಹಾರುವ ಸಣ್ಣ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಕಿಟಕಿ ತೆರೆದರೆ ಚದುರುತ್ತವೆ, ಬಿಸಿಲು ಬಿದ್ದರೆ ಸೂಕ್ಷ್ಮಾಣು ಸಾಯುತ್ತದೆ.

ಕಾರಣ ಗೊತ್ತಾದರೂ ಮದ್ದು ಸಿಗಲು ಮತ್ತೆ 60 ವರ್ಷ ಬೇಕಾಯಿತು. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿದ್ದದ್ದು ಮೂರೇ: ವಿಶ್ರಾಂತಿ, ಪುಷ್ಟಿಯ ಊಟ, ತೆರೆದ ಗಾಳಿ. ಈ ಮೂರನ್ನು ಒಂದೇ ಕಡೆ ಒದಗಿಸುವ ತಾಣಕ್ಕೆ ಸ್ಯಾನಟೋರಿಯಂ ಎಂದು ಹೆಸರು. 19ನೇ ಶತಮಾನದ ನಡುವೆ ಜರ್ಮನಿಯಲ್ಲಿ ಶುರುವಾದ ಈ ಪದ್ಧತಿ ಎಲ್ಲೆಡೆ ಹರಡಿತು. ಆಂಧ್ರದ ಮದನಪಲ್ಲಿಯ ಬಳಿ 1915ರಲ್ಲಿ ಮಿಷನರಿಗಳ ಸ್ಯಾನಟೋರಿಯಂ ತೆರೆಯಿತು. ಮೈಸೂರಿನಲ್ಲಿ 1921ರಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು ತೆರೆಯಿತು; ಮೈಸೂರಿಗರು ಇಂದಿಗೂ ಪಿಕೆಟಿಬಿ ಎನ್ನುವುದು ಅದನ್ನೇ. ಅದೇ 1921ರಲ್ಲಿ ಹೇರ್‌ಫೀಲ್ಡ್‌ನ ಸೈನಿಕರ ಆಸ್ಪತ್ರೆಯೂ ಸ್ಯಾನಟೋರಿಯಂ ಆಯಿತು.

ದಿನಚರಿ ಕಟ್ಟುನಿಟ್ಟು. ದಿನಕ್ಕೆ ಹಲವು ಬಾರಿ ಜ್ವರ ನೋಡಿ ಬರೆದಿಡುತ್ತಿದ್ದರು. ಹಾಲು, ಮೊಟ್ಟೆ ಹೊಟ್ಟೆ ಬಿರಿಯುವಷ್ಟು. ಉಗುಳಲು ಜೇಬಿನಲ್ಲಿ ಮುಚ್ಚಳವಿರುವ ಗಾಜಿನ ಕುಪ್ಪಿ. ಅದರಲ್ಲಿನ ಕಫವನ್ನು ಸುಡುತ್ತಿದ್ದರು. ಒಣಗಿದ ಕಫ ದೂಳಿನೊಂದಿಗೆ ಏಳಬಾರದೆಂದು ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಜ್ವರ ಇಳಿದವರಿಗೆ ಏನು ಮಾಡಿಸಬೇಕು ಎಂಬುದರಲ್ಲಿ ಒಮ್ಮತವಿರಲಿಲ್ಲ. ಲಂಡನ್ನಿನ ನೈಋತ್ಯಕ್ಕಿರುವ ಫ್ರಿಮ್ಲಿ ಸ್ಯಾನಟೋರಿಯಂನಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯ ದುಡಿತವನ್ನೇ ಡೋಸಿನಂತೆ ಅಳೆದು ಕೊಡುತ್ತಿದ್ದ. ಮೊದಲು ಬರೀ ನಡಿಗೆ. ಅದು ಸಲೀಸಾದರೆ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ಮಣ್ಣಿನ ಬುಟ್ಟಿ ಹೊರುವುದು. ಆಮೇಲೆ ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಗುದ್ದಲಿ. ನಡುವೆ ಮೈ 99 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ, ಮತ್ತೆ ಹಾಸಿಗೆಗೆ. ದುಡಿದಾಗ ಶ್ವಾಸಕೋಶದಿಂದ ಸ್ವಲ್ಪ ವಿಷ ರಕ್ತಕ್ಕೆ ಸೇರಿ ಲಸಿಕೆಯಂತೆ ಕೆಲಸ ಮಾಡುತ್ತದೆ ಎಂಬುದು ಅವನ ನಂಬಿಕೆ. ಅದು ನಿಲ್ಲಲಿಲ್ಲ. ಆದರೆ ತಿಂಗಳುಗಟ್ಟಲೆ ಮಲಗಿ ಕೈಕಾಲು ಸೋತವರು ಮತ್ತೆ ಸಂಸಾರ ಹೊರಬೇಕಲ್ಲ, ಆ ದೃಷ್ಟಿಯಿಂದ ಬುಟ್ಟಿ ಹೊರಿಸಿದ್ದು ಪೂರಾ ದಂಡವೂ ಆಗಲಿಲ್ಲ.

ಮನೆಗೆ ಕಳಿಸಿದರೆ ಮತ್ತೆ ಅದೇ ಕಾಯಿಲೆ

1911ರ ವಿಮೆ ಕಾಯ್ದೆ ಬಂದ ಮೇಲೆ ಬ್ರಿಟನ್ನಿನಲ್ಲಿ ಕೂಲಿಯವರಿಗೂ ಸ್ಯಾನಟೋರಿಯಂ ಚಿಕಿತ್ಸೆಯ ಹಕ್ಕು ಸಿಕ್ಕಿತು, ಜಿಲ್ಲೆಗೊಬ್ಬ ಕ್ಷಯಾಧಿಕಾರಿ ನೇಮಕವಾದ. ಕೇಂಬ್ರಿಡ್ಜ್‌ಶೈರ್‌ನಲ್ಲಿ ಆ ಕೆಲಸಕ್ಕೆ ಬಂದವನು ಪೆಂಡ್ರಿಲ್ ವ್ಯಾರಿಯರ್-ಜೋನ್ಸ್, ಮೂವತ್ತರ ಆಸುಪಾಸಿನ ವೇಲ್ಸ್ ಮೂಲದ ವೈದ್ಯ. ಅವನ ಗಮನಕ್ಕೆ ಬಂದ ತೊಡಕು ಸರಳ. ಮೂರು ತಿಂಗಳೋ ಆರು ತಿಂಗಳೋ ಸ್ಯಾನಟೋರಿಯಂನಲ್ಲಿದ್ದು, ಮೈ ತುಂಬಿಕೊಂಡು ಮನೆಗೆ ಮರಳಿದವನು ಅದೇ ತೇವದ ಕೋಣೆಗೆ, ಅದೇ ದೂಳಿನ ಕೆಲಸಕ್ಕೆ ಹಿಂದಿರುಗುತ್ತಾನೆ. ದಿನಕ್ಕೆ ನಾಲ್ಕು ಗಂಟೆ ದುಡಿಯುವ ಶಕ್ತಿ ಇರುವವನಿಗೆ ನಾಲ್ಕು ಗಂಟೆಯ ಕೆಲಸ ಯಾರೂ ಕೊಡುವುದಿಲ್ಲ. ಪೂರ್ತಿ ಹೊತ್ತು ದುಡಿಯುತ್ತಾನೆ, ಮತ್ತೆ ಬೀಳುತ್ತಾನೆ. ಸರ್ಕಾರ ಅವನ ಚಿಕಿತ್ಸೆಗೆ ಸುರಿದ ಹಣವೂ ನೀರಿನಲ್ಲಿ ಹೋಮ.

ಹಾಗಾದರೆ ರೋಗಿಯನ್ನು ಮನೆಗೆ ಕಳಿಸುವುದೇ ಬೇಡ, ಅವನ ಸಂಸಾರ, ಕೆಲಸ, ಸಂಬಳ ಎಲ್ಲವನ್ನೂ ಆಸ್ಪತ್ರೆಯ ಬಾಗಿಲಿಗೇ ತರೋಣ ಎಂಬುದು ಅವನು ಕಂಡುಕೊಂಡ ಉಪಾಯ. ಬೋರ್ನ್ ಎಂಬ ಹಳ್ಳಿಯಲ್ಲಿ ಸಣ್ಣದಾಗಿ ಶುರು ಮಾಡಿದ. ಕೇಂಬ್ರಿಡ್ಜ್‌ನ ರೋಗವಿಜ್ಞಾನದ ಪ್ರೊಫೆಸರ್ ಜರ್ಮನ್ ಸಿಮ್ಸ್ ವುಡ್‌ಹೆಡ್ ಬೆಂಬಲಕ್ಕೆ ನಿಂತರು. ಅಷ್ಟರಲ್ಲಿ ಕ್ಷಯ ಹತ್ತಿಸಿಕೊಂಡ ಸೈನಿಕರು ರಣರಂಗದಿಂದ ಮರಳುತ್ತಿದ್ದರು, ಬೋರ್ನ್ ಸಾಲದಾಯಿತು. 1918ರ ಫೆಬ್ರುವರಿಯಲ್ಲಿ ಈ ಕ್ಷಯರೋಗಿಗಳ ವಸಾಹತು ಪ್ಯಾಪ್‌ವರ್ತ್ ಹಾಲ್‌ಗೆ ಬಂತು.

ಬಂಗಲೆ ಆಸ್ಪತ್ರೆಯಾದಾಗ ಆಗುವುದು, ಆಗದ್ದು

ದೊಡ್ಡ ಮನೆ, ನೂರು ಜನ ಮಲಗಬಹುದು ಎಂದು ಹೊರಗಿನಿಂದ ಅನ್ನಿಸುತ್ತದೆ. ಒಳಗೆ ಕಾಲಿಟ್ಟರೆ ತಾಪತ್ರಯ ಗೊತ್ತಾಗುತ್ತದೆ.

ಇಂಥ ಮನೆಗಳಲ್ಲಿ ಒದಗಿಬರುವುದು ನೆಲಮಹಡಿಯ ದೊಡ್ಡ ಕೋಣೆಗಳು. ಊಟದ ಮನೆ, ಪುಸ್ತಕದ ಮನೆ, ಅತಿಥಿಗಳು ಕೂರುವ ಪಡಸಾಲೆಗಳಿಗೆ ಎತ್ತರದ ಸೂರು, ಆಳೆತ್ತರದ ಕಿಟಕಿ. ಹಾಸಿಗೆ ಸಾಲಿಟ್ಟರೆ ವಾರ್ಡು ಸಿದ್ಧ. ಐವತ್ತು ಜನರ ಔತಣಕ್ಕೆ ಕಟ್ಟಿದ ಅಡುಗೆಮನೆ, ಬಟ್ಟೆ ಒಗೆಯುವ ಮನೆ, ಕುದುರೆ ಲಾಯ, ಗಾಡಿಮನೆ ಎಲ್ಲವೂ ಕೆಲಸಕ್ಕೆ ಬರುತ್ತವೆ.

ಕೈಕೊಡುವುದು ಮೇಲಿನ ಮಹಡಿ. ಮುಖ್ಯ ಮೆಟ್ಟಿಲು ಅಗಲವಾಗಿದ್ದರೂ ತಿರುವು ಇರುತ್ತದೆ, ಆಳುಗಳ ಮೆಟ್ಟಿಲು ಒಬ್ಬರು ಹೋಗುವಷ್ಟೇ. ಸ್ಟ್ರೆಚರ್ ತಿರುಗುವುದಿಲ್ಲ, ಲಿಫ್ಟ್ ಇಲ್ಲ. ಬಚ್ಚಲು, ಪಾಯಿಖಾನೆಗಳ ಲೆಕ್ಕ ಒಂದು ಸಂಸಾರಕ್ಕೆ ಹಾಕಿದ್ದು. ಐವತ್ತು ರೋಗಿಗಳು ಬಂದರೆ ಮೊದಲು ಸೋಲುವುದು ಚರಂಡಿ. ಕೋಣೆಗೊಂದು ಅಗ್ಗಿಷ್ಟಿಕೆ, ದಿನವೂ ಕಲ್ಲಿದ್ದಲು ಹೊತ್ತು ಬೂದಿ ಬಾಚಬೇಕು. ಗಾರೆಯಲ್ಲಿ ಬಳ್ಳಿ-ಹೂ ಬಿಡಿಸಿದ ಅಂಚುಗಳಲ್ಲಿ, ಮರದ ಹಲಗೆಗಳ ಸಂದಿಯಲ್ಲಿ ದೂಳು ಕೂರುತ್ತದೆ. ಹೊಸದಾಗಿ ಕಟ್ಟಿದ ಸ್ಯಾನಟೋರಿಯಂಗಳಲ್ಲಿ ಗೋಡೆ-ನೆಲ ಸೇರುವ ಮೂಲೆಯನ್ನು ದುಂಡಗೆ ಮಾಡುತ್ತಿದ್ದದ್ದೇ ಇದಕ್ಕೆ.

ಹೀಗಾಗಿ ಪ್ಯಾಪ್‌ವರ್ತ್‌ನಲ್ಲಿ ಹಾಲ್ ಒಳಗೆ ಹೆಚ್ಚು ಕಾಯಿಲೆಯಾದವರು ಮಲಗಿದರು. ಸುಧಾರಿಸಿದವರನ್ನು ಹೊರಗಿನ ಮರದ ಗೂಡುಗಳಿಗೆ ಕಳಿಸಿದರು. ಗೂಡೆಂದರೆ ಒಬ್ಬನಿಗೆ ಒಂದು ಹಲಗೆ ಕೋಣೆ. ಒಳಗೆ ಮಂಚ, ಮೊಳೆಗೆ ನೇತುಹಾಕಿದ ಕೋಟು, ಸಣ್ಣ ಮೇಜು. ಮುಂಭಾಗ ತೆರೆದೇ ಇರುತ್ತದೆ, ಮಳೆಗೂ ಹಿಮಕ್ಕೂ. ಡಿಸೆಂಬರಿನ ಬೆಳಗ್ಗೆ ಹೊದಿಕೆಯ ಮೇಲೆ ಹಿಮದ ಪುಡಿ ಬಿದ್ದಿದ್ದರೆ ಕೊಡವಿ ಏಳಬೇಕು. ಕ್ರೂರವೆನ್ನಿಸುತ್ತದೆ. ಆದರೆ ಪ್ರತಿಯೊಬ್ಬನ ಕೆಮ್ಮು ಅವನವನ ಗೂಡಿನಿಂದ ನೇರ ಬಯಲಿಗೆ ಹೋಗುತ್ತಿತ್ತು, ಪಕ್ಕದವನ ಮೂಗಿಗಲ್ಲ. ಈಗ ಆಸ್ಪತ್ರೆಗಳಲ್ಲಿ ಯಂತ್ರವಿಟ್ಟು ಗಂಟೆಗೆ ಇಷ್ಟು ಬಾರಿ ಕೋಣೆಯ ಗಾಳಿ ಬದಲಾಗಲಿ ಎನ್ನುತ್ತೇವಲ್ಲ, ಆ ಕೆಲಸ ಅಲ್ಲಿ ಪುಕ್ಕಟೆಯಾಗಿ ನಡೆಯುತ್ತಿತ್ತು.

ಸೂಟ್‌ಕೇಸು ಮಾಡುವ ಹಳ್ಳಿ

ಗೂಡಿನಿಂದ ಮುಂದಿನ ಮೆಟ್ಟಿಲು ಹಾಸ್ಟೆಲು, ಅದರಾಚೆ ತೋಟವಿರುವ ಪುಟ್ಟ ಮನೆ. ಮನೆ ಸಿಕ್ಕಾಗ ಹೆಂಡತಿ ಮಕ್ಕಳು ಬಂದು ಸೇರುತ್ತಿದ್ದರು. ರೋಗಿಗೆ ಮಾತ್ರ ಪ್ರತ್ಯೇಕ, ಗಾಳಿಯಾಡುವ ಮಲಗುವ ಜಾಗ. ಕಾಯಿಲೆ ಮರುಕಳಿಸಿದರೆ ನಾಲ್ಕು ಹೆಜ್ಜೆಗೆ ಆಸ್ಪತ್ರೆ. ವಾರಿಗೆಯವರೆಲ್ಲ ಅದೇ ಕಾಯಿಲೆಯವರಾದ್ದರಿಂದ ‘ಅವರ ಮನೆಯಲ್ಲಿ ಕ್ಷಯವಿದೆಯಂತೆ’ ಎಂದು ಪಿಸುಗುಟ್ಟುವ ನೆರೆಯೂ ಇರಲಿಲ್ಲ.

ಕೆಲಸದ ವಿಚಾರದಲ್ಲಿ ವ್ಯಾರಿಯರ್-ಜೋನ್ಸ್ ಹಟವಾದಿ. ಬುಟ್ಟಿ ಹೆಣೆಸಿ ದಾನಿಗಳಿಗೆ ಮಾರುವ ಕರುಣೆಯ ವ್ಯಾಪಾರ ಅವನಿಗೆ ಬೇಡ. ಅಂಗಡಿಯಲ್ಲಿ ಬೇರೆಯವರ ಸರಕಿನ ಪಕ್ಕದಲ್ಲಿಟ್ಟು ಮಾರಬೇಕು, ದುಡಿದ ಹೊತ್ತಿಗೆ ಸರಿಯಾಗಿ ಕೂಲಿ ಸಿಗಬೇಕು. ಬಡಗಿ ಕೆಲಸ, ಬೂಟು ರಿಪೇರಿ, ಮುದ್ರಣ, ಪುಸ್ತಕ ಕಟ್ಟುವುದು, ಕೋಳಿ ಹಂದಿ ಸಾಕಣೆ ಎಲ್ಲ ಶುರುವಾದವು. ಹೆಸರು ತಂದದ್ದು ಟ್ರಂಕು ಮತ್ತು ಸೂಟ್‌ಕೇಸು. ವ್ಯಾರಿಯರ್-ಜೋನ್ಸ್‌ನ ಹೆಸರಿನ ಪೆಂಡ್ರಿಲ್‌ಗೆ ಹತ್ತಿರದ ‘ಪೆಂಡ್ರಾಗನ್’ ಎಂಬ ಮುದ್ರೆಯಲ್ಲಿ ಅವು ಮಾರುಕಟ್ಟೆಗೆ ಹೋದವು. ಎಷ್ಟು ಗಂಟೆ ಕೆಲಸ ಎಂದು ಮೇಸ್ತ್ರಿ ತೀರ್ಮಾನಿಸುವಂತಿಲ್ಲ, ವೈದ್ಯನೇ ಬರೆದು ಕೊಡುತ್ತಿದ್ದ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮನೆ, ಕೆಲಸ, ಔಷಧ ಎಲ್ಲವೂ ಒಬ್ಬನದೇ ಕೈಯಲ್ಲಿದ್ದರೆ ಎದುರಾಡುವುದು ಹೇಗೆ? ವ್ಯಾರಿಯರ್-ಜೋನ್ಸ್ ಒಳ್ಳೆಯ ಯಜಮಾನ, ಆದರೆ ಯಜಮಾನನೇ. ಜಮೀನ್ದಾರ ಹೋದ ಹಾಲ್‌ಗೆ ಇನ್ನೊಬ್ಬ ಒಡೆಯ ಬಂದಂತಾಯಿತು ಎಂದರೆ ಪೂರ್ತಿ ತಪ್ಪಲ್ಲ. 1931ರಲ್ಲಿ ಅವನಿಗೆ ಸರ್ ಪದವಿ ಬಂತು, 1941ರಲ್ಲಿ ತೀರಿಕೊಂಡ.

ಹಣ ಎಲ್ಲೆಲ್ಲಿಂದಲೋ ಬಂತು. ಒಂದು ಕಟ್ಟಡಕ್ಕೆ ಬರ್ನ್‌ಹಾರ್ಡ್ ಬ್ಯಾರನ್ ಸ್ಮಾರಕ ಆಸ್ಪತ್ರೆ ಎಂದು ಹೆಸರು. ಈ ಬ್ಯಾರನ್ ದುಡ್ಡು ಮಾಡಿದ್ದು ಸಿಗರೇಟು ಕಾರ್ಖಾನೆಯಿಂದ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಗಟ್ಟಿಯಾಗಿ ಸಾಬೀತಾದದ್ದು 1950ರಲ್ಲಿ, ಹಾಗಾಗಿ ಆಗ ಯಾರಿಗೂ ಇದು ವಿಚಿತ್ರವೆನಿಸಿರಲಿಕ್ಕಿಲ್ಲ.

ಎದೆಗೂಡಿಗೆ ಕೈ ಹಾಕಿದ್ದು

ಹೃದಯದ ಕತೆ ಇಲ್ಲಿಂದ ಶುರು. ವಿಶ್ರಾಂತಿಯೇ ಮದ್ದೆಂದ ಮೇಲೆ ಶ್ವಾಸಕೋಶಕ್ಕೇ ವಿಶ್ರಾಂತಿ ಕೊಡಬಾರದೇಕೆ ಎಂದು ವೈದ್ಯರು ಯೋಚಿಸಿದರು. ಮುರಿದ ಕೈಗೆ ಪಟ್ಟಿ ಕಟ್ಟಿ ಅಲ್ಲಾಡದಂತೆ ಮಾಡುವುದಿಲ್ಲವೇ, ಹಾಗೆ. ಪಕ್ಕೆಲುಬುಗಳ ನಡುವೆ ಸೂಜಿ ತೂರಿಸಿ, ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವಿನ ಸಂದಿಗೆ ಗಾಳಿ ತುಂಬುತ್ತಿದ್ದರು. ಆಗ ಶ್ವಾಸಕೋಶ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿ, ಗುಳಿಯ ಗೋಡೆಗಳು ಒಂದಕ್ಕೊಂದು ತಾಗಿ ಮಾಯುತ್ತವೆ ಎಂಬ ಆಸೆ. ತುಂಬಿದ ಗಾಳಿ ತಾನಾಗಿ ಇಂಗುತ್ತದೆ. ಅದಕ್ಕೇ ಒಂದು, ಎರಡು, ಮೂರು ವಾರಕ್ಕೊಮ್ಮೆ ಮತ್ತೆ ತುಂಬಿಸಬೇಕು. ಇದು ವರ್ಷಗಟ್ಟಲೆ ನಡೆಯುತ್ತಿತ್ತು. ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದ್ದರೆ ಗಾಳಿ ನುಗ್ಗುವುದಿಲ್ಲ. ಸೂಜಿ ತಪ್ಪಿ ಶ್ವಾಸಕೋಶಕ್ಕೇ ಚುಚ್ಚಿದರೆ ಗಾಳಿ ಸೋರಿ ಉಸಿರು ಕಟ್ಟುತ್ತದೆ, ರಕ್ತನಾಳಕ್ಕೆ ಗಾಳಿಗುಳ್ಳೆ ಹೊಕ್ಕರೆ ಪ್ರಾಣವೇ ಹೋಗಬಹುದು.

ಗಾಳಿ ತುಂಬುವುದು ಸಾಗದಿದ್ದರೆ ಪಕ್ಕೆಲುಬು ಕತ್ತರಿಸುವುದು. ಒಂದು ಪಕ್ಕದ ಏಳೆಂಟು ಎಲುಬುಗಳನ್ನು ಎರಡು ಮೂರು ಕಂತಿನಲ್ಲಿ ತೆಗೆದು, ಎದೆಗೋಡೆಯನ್ನೇ ಒಳಕ್ಕೆ ಕುಸಿಯುವಂತೆ ಮಾಡುತ್ತಿದ್ದರು. ಎಷ್ಟೋ ಸಲ ಆ ಭಾಗಕ್ಕಷ್ಟೇ ಅರಿವಳಿಕೆ. ನೋವು ತಿಳಿಯದಿದ್ದರೂ ಎಲುಬು ಕತ್ತರಿಸುವ ಸದ್ದು ರೋಗಿಗೆ ಕೇಳುತ್ತಿತ್ತು. ಬದುಕಿದವರ ಒಂದು ಭುಜ ಕಡೆತನಕ ಜಗ್ಗಿಕೊಂಡಿರುತ್ತಿತ್ತು.

ಇದರಿಂದ ಕ್ಷಯಕ್ಕೆ ಎಷ್ಟು ಲಾಭವಾಯಿತೋ, ಶಸ್ತ್ರವೈದ್ಯರಿಗಂತೂ ಬಹಳ ಕಲಿತಂತಾಯಿತು. ಎದೆ ತೆರೆದಾಗ ಉಸಿರಾಟ ನಿಲ್ಲದಂತೆ ನೋಡಿಕೊಳ್ಳುವ ಅರಿವಳಿಕೆ, ರಕ್ತ ಕೊಡುವುದು, ಎದೆಯೊಳಗಿನ ಕೊಳವೆಗಳನ್ನು ಸಂಭಾಳಿಸುವುದು, ಆಪರೇಷನ್ ಆದ ಮೇಲೆ ಕಫ ತೆಗೆಸುವ ವ್ಯಾಯಾಮ, ದಿನವೂ ಎಕ್ಸ್-ರೇ ಓದುವ ಅಭ್ಯಾಸ. ಈ ಕಸುಬೆಲ್ಲ ಪಳಗಿದ್ದು ಸ್ಯಾನಟೋರಿಯಂಗಳಲ್ಲಿ.

ಮದ್ರಾಸಿನಿಂದ ಬಂದ ಉತ್ತರ

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಬ್ರಿಟನ್ನಿನಲ್ಲಿ ಅದರ ಪರೀಕ್ಷೆಯ ಫಲಿತಾಂಶ ಹೊರಬಂದದ್ದು 1948ರಲ್ಲಿ. ಆರು ತಿಂಗಳಲ್ಲಿ ಮದ್ದು ಪಡೆದ 55 ಜನರಲ್ಲಿ 4, ಬರೀ ವಿಶ್ರಾಂತಿಯ 52 ಜನರಲ್ಲಿ 14 ಸಾವು. ಆದರೆ ಒಂದೇ ಮದ್ದಿಗೆ ಸೂಕ್ಷ್ಮಾಣು ಬೇಗ ಒಗ್ಗಿಕೊಂಡಿತು, ವರ್ಷಗಳು ಕಳೆದಂತೆ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಒಂದು ಬೀಗವನ್ನು ಕಳ್ಳ ಒಡೆಯಬಹುದು, ಒಟ್ಟಿಗೆ ಎರಡು ಮೂರು ಹಾಕಿದರೆ ಕಷ್ಟ. 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಮದ್ದುಗಳನ್ನು ಜೋಡಿಸಿ ಕೊಡುವ ಪದ್ಧತಿ ನೆಲೆಗೊಂಡಿತು. ಟಿಬಿ ಮಾತ್ರೆಗಳನ್ನು ಇಂದಿಗೂ ಒಂದರ ಜೊತೆ ಒಂದು ಸೇರಿಸಿ ತಿಂಗಳುಗಟ್ಟಲೆ ನುಂಗಿಸುವುದು ಇದೇ ಕಾರಣಕ್ಕೆ.

ಮಾತ್ರೆ ಕೆಲಸ ಮಾಡುವುದಾದರೆ ಸ್ಯಾನಟೋರಿಯಂ ಬೇಕೇ? ಈ ಪ್ರಶ್ನೆಗೆ ಉತ್ತರ ಬಂದದ್ದು ನಮ್ಮ ಪಕ್ಕದಿಂದಲೇ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರವೊಂದರಲ್ಲಿ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಸ್ಯಾನಟೋರಿಯಂ, ಒಳ್ಳೆಯ ಊಟ, ವಿಶ್ರಾಂತಿ. ಇನ್ನೊಂದು ಗುಂಪು ತಮ್ಮದೇ ಇಕ್ಕಟ್ಟಿನ ಮನೆಗಳಲ್ಲಿ, ಇದ್ದ ಊಟದಲ್ಲೇ ಉಳಿಯಿತು. ಇಬ್ಬರಿಗೂ ಒಂದೇ ಮಾತ್ರೆ. 1959ರಲ್ಲಿ ಪ್ರಕಟವಾದ ಫಲಿತಾಂಶ: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಚಿಕಿತ್ಸೆ ಮನೆಯಲ್ಲಿ ನಡೆದುದರಿಂದ ಮನೆಮಂದಿಗೆ ಹೆಚ್ಚಾಗಿ ಅಂಟಿದ್ದೂ ಕಾಣಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು, ಊರೂರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷಿಸಿ ಮದ್ದು ಕೊಡುವ ಕ್ರಮ ರೂಪಿಸಿತು. ಆ ಸಂಸ್ಥೆ ಇರುವ ಬಳ್ಳಾರಿ ರಸ್ತೆಯ ‘ಅವಲಾನ್’ ಕೂಡ ಹಳೆಯ ಬಂಗಲೆಯೇ.

ಖಾಲಿ ಹಾಸಿಗೆಗಳಿಗೆ ಬಂದ ಹೃದಯ

1948ರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದವು. ಪ್ಯಾಪ್‌ವರ್ತ್‌ನ ಆಸ್ಪತ್ರೆ ಸರ್ಕಾರಕ್ಕೆ ಹೋಯಿತು, ಹಳ್ಳಿ ಮತ್ತು ಕಾರ್ಖಾನೆಗಳು ಅವನ್ನು ನಡೆಸುತ್ತಿದ್ದ ದತ್ತಿಸಂಸ್ಥೆಯಲ್ಲೇ ಉಳಿದವು. ಕ್ಷಯದವರು ಕಡಿಮೆಯಾಗುತ್ತಿದ್ದಂತೆ ಎದೆ ತೆರೆಯಬಲ್ಲ ತಂಡ, ಆಪರೇಷನ್ ಥಿಯೇಟರು, ಖಾಲಿ ಹಾಸಿಗೆ ಮೂರೂ ಒಂದೇ ಕಡೆ ಇದ್ದವು. ಶ್ವಾಸಕೋಶದಿಂದ ಹೃದಯಕ್ಕೆ ಇರುವುದು ಒಂದು ಗೇಣೂ ಅಲ್ಲ. 1958ರಲ್ಲಿ ಕ್ರಿಸ್ಟೋಫರ್ ಪ್ಯಾರಿಷ್ ಇಲ್ಲಿ ಮೊದಲ ತೆರೆದ ಹೃದಯ ಶಸ್ತ್ರಚಿಕಿತ್ಸೆ ಮಾಡಿದರು.

ಕಸಿಗೆ ಇನ್ನೂ ಹೊತ್ತಿತ್ತು. 1968ರಲ್ಲಿ ಲಂಡನ್ನಿನಲ್ಲಿ ನಡೆದ ಬ್ರಿಟನ್ನಿನ ಮೊದಲ ಹೃದಯ ಕಸಿ, ಅದರ ಬೆನ್ನಿಗೆ ನಡೆದವು ಎಲ್ಲ ಬೇಗನೆ ಸಾವಿನಲ್ಲಿ ಮುಗಿದಿದ್ದವು. ಮುಂದೆ ವರ್ಷಗಟ್ಟಲೆ ಆ ಕೆಲಸವೇ ನಿಂತಿತ್ತು. ಹೊಲಿಗೆ ತೀರಾ ಕಷ್ಟದ್ದಲ್ಲ. ಆಗಿನ ವಿಧಾನದಲ್ಲಿ ನಾಲ್ಕು ಜೋಡಣೆ: ಎಡ ಮತ್ತು ಬಲ ಮೇಲ್ಗೂಡುಗಳು, ಮಹಾಪಧಮನಿ, ಶ್ವಾಸಕೋಶಕ್ಕೆ ಹೋಗುವ ಅಪಧಮನಿ. ಕಷ್ಟ ಎರಡು ಕಡೆ. ತಂಪಿನಲ್ಲಿಟ್ಟ ಹೃದಯಕ್ಕೆ ಸುಮಾರು ನಾಲ್ಕು ಗಂಟೆಯ ಗಡುವು. ಅಷ್ಟರಲ್ಲಿ ತೆಗೆದು, ಸಾಗಿಸಿ, ಹೊಲಿದು, ರಕ್ತ ಹರಿಸಬೇಕು. ಆಮೇಲೆ, ಪರಕೀಯವೆಂದು ದೇಹ ಅದರ ಮೇಲೆ ಎರಗುತ್ತದೆ. ಅದನ್ನು ಮೊದಲೇ ಹಿಡಿಯಲು ಕತ್ತಿನ ರಕ್ತನಾಳದ ಮೂಲಕ ಸಣ್ಣ ಚಿಮುಟ ಇಳಿಸಿ, ಹೃದಯದಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1979ರ ಜನವರಿಯಲ್ಲಿ ಟೆರೆನ್ಸ್ ಇಂಗ್ಲಿಷ್ ಎಂಬ ಶಸ್ತ್ರವೈದ್ಯರು ಪ್ಯಾಪ್‌ವರ್ತ್‌ನಲ್ಲಿ ಮಾಡಿದ ಮೊದಲ ಕಸಿಯ ರೋಗಿ ಕೆಲವೇ ದಿನ ಬದುಕಿದ. ಆಗಸ್ಟ್‌ನ ಎರಡನೆಯವನು ಐದು ವರ್ಷಕ್ಕೂ ಹೆಚ್ಚು ಬಾಳಿದ. 1984ರಲ್ಲಿ ಹೃದಯ-ಶ್ವಾಸಕೋಶ ಜೋಡಿ ಕಸಿ ಕೈಗೂಡಿತು. 1986ರಲ್ಲಿ ಜಾನ್ ವಾಲ್ವರ್ಕ್ ಮತ್ತು ರಾಯ್ ಕಾಲ್ನ್ ಹೃದಯ, ಶ್ವಾಸಕೋಶ, ಯಕೃತ್ತು ಮೂರನ್ನೂ ಒಬ್ಬರಿಗೇ ಕಸಿ ಮಾಡಿದರು. ಅದು ಜಗತ್ತಿನಲ್ಲೇ ಮೊದಲು.

ದೂರವೇ ಮುಳುವಾದಾಗ

ಕ್ಷಯಕ್ಕೆ ಊರಿಂದ ದೂರವಿರುವುದೇ ಒಳಿತಾಗಿತ್ತು. ಕಸಿಯ ರೋಗಿಗೆ ಹಾಗಲ್ಲ. ಅವನಿಗೆ ಮೂತ್ರಪಿಂಡ ಕೈಕೊಡಬಹುದು, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕರುಳಿನಲ್ಲಿ ರಕ್ತಸ್ರಾವವಾಗಬಹುದು. ಆ ತಜ್ಞರೆಲ್ಲ ಇರುವುದು 20 ಕಿಲೋಮೀಟರ್ ಆಚೆ, ಕೇಂಬ್ರಿಡ್ಜ್‌ನ ದೊಡ್ಡ ಆಸ್ಪತ್ರೆಯಲ್ಲಿ. ಗಾಳಿಗಾಗಿ ಬಯಲಿನಲ್ಲಿ ಚದುರಿಸಿ ಕಟ್ಟಿದ ಕಟ್ಟಡಗಳ ನಡುವೆ ಯಂತ್ರ, ಕೊಳವೆಗಳ ಸಮೇತ ರೋಗಿಯನ್ನು ತಳ್ಳಿಕೊಂಡು ಹೋಗುವುದೂ ಸಲೀಸಲ್ಲ. 2015ರಲ್ಲಿ ಇಲ್ಲಿನ ತಂಡ, ನಿಂತುಹೋದ ದಾನಿಯ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿ, ಬೆಚ್ಚಗಿನ ರಕ್ತ ಹರಿಸುವ ಯಂತ್ರದಲ್ಲಿಟ್ಟು ಕಸಿ ಮಾಡಿತು. ಯುರೋಪಿನಲ್ಲಿ ಅದು ಮೊದಲು. ಆ ಹೊತ್ತಿಗಾಗಲೇ ಸ್ಥಳ ಬದಲಿಸುವ ತಯಾರಿ ನಡೆದಿತ್ತು.

ಕೇಂಬ್ರಿಡ್ಜ್‌ನ ಹೊಸ ಕಟ್ಟಡದಲ್ಲಿ ಬಹುತೇಕ ಪ್ರತಿ ರೋಗಿಗೂ ಬಾತ್‌ರೂಮ್ ಸಮೇತ ಪ್ರತ್ಯೇಕ ಕೋಣೆ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗಬಾರದೆಂಬ ಹಳೆಯ ಗೂಡಿನ ಲೆಕ್ಕವೇ. ಆದರೆ ಕೋಣೆಗೊಂದು ಬಾತ್‌ರೂಮ್ ಎಂದರೆ ನೂರಾರು ನಲ್ಲಿ, ಷವರು, ಅವಕ್ಕೆಲ್ಲ ಕಿಲೋಮೀಟರುಗಟ್ಟಲೆ ಪೈಪು. ಬಳಕೆ ಕಡಿಮೆಯಿರುವ ಪೈಪಿನಲ್ಲಿ ನೀರು ಉಗುರುಬೆಚ್ಚಗೆ ನಿಂತಿದ್ದರೆ ಒಳಗೋಡೆಯಲ್ಲಿ ಲೋಳೆ ಕಟ್ಟಿ ಸೂಕ್ಷ್ಮಾಣುಗಳು ನೆಲೆಸುತ್ತವೆ. ಸ್ಥಳಾಂತರದ ಕೆಲವೇ ತಿಂಗಳಲ್ಲಿ, ಶ್ವಾಸಕೋಶ ಕಸಿಯಾದವರೂ ಸೇರಿದಂತೆ ಹಲವು ರೋಗಿಗಳಲ್ಲಿ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಸೋಂಕು ಕಾಣಿಸಿತು. ತನಿಖೆ ಹೊಸ ಕಟ್ಟಡದ ನೀರಿನತ್ತ ಬೊಟ್ಟು ಮಾಡಿತು. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಕೊಡದ, ಕಸಿಯಾದವರ ಜೀವಕ್ಕೇ ಸಂಚಕಾರ ತರಬಲ್ಲ ಈ ಸೂಕ್ಷ್ಮಾಣು ಕ್ಷಯದ ಸೂಕ್ಷ್ಮಾಣುವಿನ ದಾಯಾದಿ. ಇಂಥ ಕಡೆಗಳಲ್ಲಿ ಈಗ ನಲ್ಲಿ ಮತ್ತು ಷವರಿನ ಬಾಯಿಗೆ ಫಿಲ್ಟರ್ ಕೂರಿಸಿ ಅವಧಿ ಮುಗಿಯುತ್ತಲೇ ಬದಲಿಸುತ್ತಾರೆ, ಬಳಸದ ನಲ್ಲಿಗಳನ್ನೂ ತಪ್ಪದೆ ತಿರುಗಿಸಿ ನೀರು ಹರಿಯಬಿಡುತ್ತಾರೆ.